ಬೇಲಿಯಾಚೆ ವಿಷ, ಬೇಲಿಯೀಚೆ ತೀರ್ಥ

ವಿಷಮಿತಿ ಪರಿಷ್ಕರಣ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಹುಳಿಯಾರು ಕಡೆಯ ತೆಂಗಿನ ತೋಟದಿಂದ ಗಂಗಲಕ್ಷ್ಮಿ ತಲೆಬಾಗಿ ಮಾಡುವ ನಮಸ್ಕಾರಗಳು. ನಮ್ಮ ಕೊಳವೆಬಾವಿಗೂ ಸೇನೆಯ ಹಳೆಯ ಮದ್ದುಗುಂಡಿನ ಉಗ್ರಾಣಕ್ಕೂ ನಡುವೆ ಇರುವುದು ಒಂದು ತಂತಿಬೇಲಿ ಮಾತ್ರ. ಉಗ್ರಾಣದಿಂದ ನೆಲಕ್ಕಿಳಿದ ರಾಸಾಯನಿಕ ನಮ್ಮ ನೀರಿನಲ್ಲಿ ಲೀಟರಿಗೆ ಅರವತ್ತು ಮೈಕ್ರೋಗ್ರಾಂ ಇದೆಯೆಂದು ಎರಡು ವರ್ಷದ ಹಿಂದೆ ತಾವೇ ಅಳೆಸಿ, ನೂರರವರೆಗೆ ಅಪಾಯವಿಲ್ಲವೆಂದು ಸಹಿ ಹಾಕಿ ಕಳಿಸಿದ್ದಿರಿ. ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿಟ್ಟಿದ್ದೇವೆ.

ಹೋದ ವರ್ಷ ಹೊಸ ಸಂಶೋಧನೆ ನಡೆದು, ಮಿತಿ ನೂರಲ್ಲ, ಆರೇ ಎಂದೂ, ಬಸುರಿಯರಂತೂ ಅದನ್ನು ಮೀರಲೇಬಾರದೆಂದೂ ತಾವು ಕಂಡುಕೊಂಡದ್ದು ಕೇಳಿ ಹೆಮ್ಮೆಯಾಯಿತು. ಅದೇ ವಾರ ಉಗ್ರಾಣದ ಪಂಪಿಗೆ ಬೀಗ ಬಿದ್ದು, ಸೈನಿಕರಿಗೆ ತಿಪಟೂರಿನಿಂದ ಟ್ಯಾಂಕರ್ ನೀರು ಬರತೊಡಗಿತು. ಬೇಲಿಯ ಈಚೆಗೆ ಮಾತ್ರ, ನೆಲ-ನೀರು ಶುದ್ಧಿ ಮಾಡಬೇಕೋ ಬೇಡವೋ ಎನ್ನುವ ಲೆಕ್ಕಕ್ಕೆ, ಹಳೆಯ ನೂರೇ ಜಾರಿಯಲ್ಲಿರುತ್ತದೆಂದು ತಮ್ಮ ಕಚೇರಿ ತಿಳಿಸಿತು. ನಮ್ಮ ಅತ್ತೆ ತಿಮ್ಮಕ್ಕನವರು "ನೀರ್ಗೆ ಬೇಲಿ ಎಲ್ಲೈತೆ ಅಂತ ಗೊತ್ತಾಯ್ತದೇನವ್ವ?" ಎಂದರು. ಓದಿದವರಲ್ಲ, ಮನ್ನಿಸಬೇಕು.

ತಪ್ಪು ನಮ್ಮದೂ ಇದೆ. ನಮ್ಮ ನೀರನ್ನೂ ಶುದ್ಧಿ ಮಾಡಿಸಿರೆಂದು ನಾವು ಕೊಟ್ಟ ಅರ್ಜಿಯ ಕಡತಕ್ಕೆ ಒಂದು ವರ್ಷ ಹಿಡಿಯುತ್ತದೆಂದು ತಮ್ಮ ಗುಮಾಸ್ತರು ಹೇಳಿದಾಗ ನಾವು ತಲೆಯಾಡಿಸಿ ಬಂದೆವು. ಅಟ್ಟಕ್ಕೆ ಹಾಕಿ ಮುಟ್ಟದೆ ಬಿಟ್ಟ ಕಾಯಿ ಹನ್ನೊಂದು ತಿಂಗಳಿಗೆ ತಾನಾಗಿಯೇ ಕೊಬ್ಬರಿಯಾಗುವುದನ್ನು ಕಂಡ ಜನ ನಾವು. ಕಡತವೂ ಹಾಗೇ ಮಾಗುತ್ತದೆಂದು ತಿಳಿದು, ತೆಪ್ಪಗೆ ಅದೇ ನೀರು ಕುಡಿದೆವು. ಕಡತ ಹಾಕಿದ ಕಡೆಯೇ ಇದೆ. ಈ ನಡುವೆ ನಮ್ಮ ಸೊಸೆ ಸೌಮ್ಯಳಿಗೆ ಏಳು ತಿಂಗಳು ತುಂಬಿತು. ನನಗೆ ಭಯವಾಗಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿದೆ.

ಆದಕಾರಣ, ಅಂತರ್ಜಲವು ಬೇಲಿಯ ಬುಡದಲ್ಲೇ ನಿಲ್ಲತಕ್ಕದ್ದೆಂದು ತಾವು ದಯವಿಟ್ಟು ಒಂದು ಸುತ್ತೋಲೆ ಹೊರಡಿಸಬೇಕು. ಅದು ಕಷ್ಟವಾದರೆ ಸೌಮ್ಯಳ ಹೊಟ್ಟೆಯಲ್ಲಿರುವ ಕೂಸನ್ನು ಈಗಲೇ ಸೈನ್ಯಕ್ಕೆ ಸೇರಿಸಿಕೊಂಡು ಟ್ಯಾಂಕರ್ ನೀರಿನಲ್ಲಿ ಪಾಲು ಕೊಡಿಸಬೇಕು. ಎರಡೂ ಆಗದಿದ್ದರೆ, ಆರು ಎಂದರೆ ಬೇಲಿಯ ಎರಡೂ ಕಡೆ ಆರೇ ಎಂದು ಒಂದು ಸಾಲು ಬರೆದುಕೊಟ್ಟರೂ ಸಾಕು.

ಸದ್ಯಕ್ಕೆ ಹಳೆಯ ಮಿತಿಯಲ್ಲೇ ಬದುಕಿರುವ
ತಮ್ಮ ವಿಶ್ವಾಸಿ,
ಗಂಗಲಕ್ಷ್ಮಿ

ವಿ.ಸೂ.: ಮೊನ್ನೆ ನೀರಿನ ಮಾದರಿ ಒಯ್ಯಲು ಬಂದಿದ್ದ ತಮ್ಮ ಇನ್‌ಸ್ಪೆಕ್ಟರ್ ಸದಾಶಿವಯ್ಯನವರು ನಾವು ಕೊಟ್ಟ ಲೋಟವನ್ನು ಮುಟ್ಟಲಿಲ್ಲ, ಹೋಗುವಾಗ ಅವರೇ ತಂದಿದ್ದ ಬಾಟಲಿ ನೀರನ್ನು ನಮ್ಮ ಜಗುಲಿಯಲ್ಲೇ ಮರೆತರು. ಸೌಮ್ಯ ಅದನ್ನು ಒಂದೇ ಉಸಿರಿಗೆ ಕುಡಿದುಬಿಟ್ಟಳು. ಬಾಟಲಿಗೆ ನಮ್ಮ ನೀರು ತುಂಬಿ ತಮ್ಮ ಹೆಸರಿಗೆ ಕಳಿಸಿದ್ದೇನೆ. ಸಮಿತಿಯ ಸಭೆಯಲ್ಲಿ, ಎಲ್ಲರ ಎದುರಿಗೆ ಕುಡಿಯಿರಿ.