ಪಾರ್ಟಿಸಿಪಲ್‌ಗೆ ಐದು ಲೋಟ ಕಬ್ಬಿನ ಹಾಲು

ನಾನು ಪುಸ್ತಕ ಬಿಚ್ಚಿದಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಊರೂರು ತಿರುಗಿದವನು ನಾನು. ತಿರುಗಾಟಕ್ಕೇ ಸರ್ಕಾರಿ ಸಂಬಳ ಕೊಡುವ ಕೆಲಸ ಕಂಡಕ್ಟರಿಕೆ ಒಂದೇ. ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಮೂವತ್ತೈದನೇ ವಯಸ್ಸಿಗೆ ಕಟ್ಟಿದೆ. ಎಲ್ಲ ಪಾಸು, ಇಂಗ್ಲಿಷ್ ಬಿಟ್ಟು. ಅದರಲ್ಲೂ ಈ ಪಾರ್ಟಿಸಿಪಲ್.

೧. ಒಡೆದ ಗಾಜು

ಆಗ ಯಲ್ಲಾಪುರದ ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದೆ. ಗಾಡಿ ಓಡಿಸುತ್ತಿದ್ದ ಮಾಲೀಕ ಭಾಯ್, ನನ್ನ ಪುಸ್ತಕ ನೋಡಿ, "ಏನೋ ಅದು ಪಾರ್ಟಿಸಿಪಲ್ಲು?" ಅಂದರು.

"ನಡೆದ ಇಲ್ಲಾ ನಡೆಯೋ ಕೆಲಸಾನೇ ಹೆಸರಿನ ಮುಂದೆ ಕೂತು, ಆ ವಸ್ತು ಎಂಥದ್ದು ಅಂತ ಹೇಳೋದು ಭಾಯ್. ಬ್ರೋಕನ್ ಗ್ಲಾಸ್. ಒಡೆದ ಗಾಜು."

ಭಾಯ್ ಮಂಚಿಕೇರಿ ಹತ್ತಿರ ಗಾಡಿ ಬದಿಗೆ ಹಾಕಿ ಇಳಿದರು. ಸುತ್ತ ಒಂದು ರೌಂಡು ಹಾಕಿ ಬಂದು ಕೇಳಿದರು: "ಹಿಂದಿನ ಲೈಟು ಯಾವಾಗ ಒಡೆದೆ?"

ಮೂರು ದಿನದಿಂದ ಮುಚ್ಚಿಟ್ಟಿದ್ದೆ. ಉದಾಹರಣೆಗೆ ಉದುರುವ ಎಲೆ ಅಂದಿದ್ದರೂ ಸಾಕಿತ್ತು.

೨. ಸೀಳಿದ ಕಟ್ಟಿಗೆ

ಆಮೇಲೆ ಹೆಗಡೆಕಟ್ಟಾದ ನಿವೃತ್ತ ಮಾಸ್ತರೊಬ್ಬರ ಕಾಲಿಗೆ ಬಿದ್ದೆ. ಫೀಸು ಬೇಡ ಅಂದರು.

"ತಮಾ, ಬಾಯಲ್ಲಿ ಹೇಳಿರೆ ತಲೆಗೆ ಹೋಗ್ತಿಲ್ಲೆ. ಕೈಯಲ್ಲಿ ಮಾಡವು" ಎಂದು ಕೊಡಲಿ ಕೊಟ್ಟರು. ಒಂದು ವಾರ ಸೀಳಿದ ಕಟ್ಟಿಗೆ. ಮರುವಾರ ತೊಳೆದ ಕೊಟ್ಟಿಗೆ, ಕಟ್ಟಿದ ಬೇಲಿ.

ಚಾ ತಂದ ಮಾಸ್ತರ ಮನೆಯ ಅಮ್ಮನವರನ್ನು ಕೇಳಿದೆ, "ಇನ್ನೆಷ್ಟು ಪಾಠ ಇದ್ದು ಅಮ್ಮಾ?"

"ಬಾವಿ ಹೂಳು ಒಂದು ಬಾಕಿ ಇದ್ದು."

೩. ಕುದಿಯುವ ಹಾಲು

ಇಂಗ್ಲಿಷ್ ಪರೀಕ್ಷೆ ಸಿದ್ದಾಪುರದಲ್ಲಿ. ಬೆಳಿಗ್ಗೆ ಮಾಸ್ತರು ಕೊನೆಯ ಪಾಠಕ್ಕೆಂದು ದಾರಿಯಲ್ಲಿದ್ದ ಆಲೆಮನೆಗೆ ಕರೆದೊಯ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಆಲೆಮನೆಗೆ ಬಂದವನು ಗಾಣದಿಂದ ಆಗಷ್ಟೇ ಇಳಿದ ಹಸಿ ಹಾಲು ಕುಡಿಯದೆ ಹೋದರೆ ಮನೆಯವರಿಗೆ ಬೇಜಾರು. ಲೋಟ ಖಾಲಿ ಕಂಡರೆ ಮತ್ತೆ ತುಂಬುತ್ತಾರೆ. ಅರ್ಧಕ್ಕೆ ಬಿಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಐದು ಲೋಟ ಇಳಿಯಿತು.

ಹಾಲ್‌ನಲ್ಲಿ ಕೂತು ಐದು ನಿಮಿಷಕ್ಕೆ ಎದ್ದು ನಿಂತೆ. ಮೇಲ್ವಿಚಾರಕರು, "ಅರ್ಧ ಗಂಟೆ ಯಾರೂ ಹೊರಗೆ ಹೋಗೋ ಹಾಗಿಲ್ಲ, ಕೂತ್ಕೊಳ್ರಿ" ಅಂದರು.

ಪಾರ್ಟಿಸಿಪಲ್ ಹಾಕಿ ಹತ್ತು ವಾಕ್ಯ ಬರೆಯಬೇಕಿತ್ತು. ಪುಸ್ತಕದ್ದು ಒಂದೂ ನೆನಪಾಗಲಿಲ್ಲ. ನನ್ನ ಸ್ಥಿತಿಯನ್ನೇ ಬರೆದೆ: ಮುಚ್ಚಿದ ಬಾಗಿಲು, ನಡುಗುವ ಕಾಲು, ಕಚ್ಚಿದ ತುಟಿ, ಕುಂಟುವ ಗಡಿಯಾರ, ಕಾಯುವ ಮನುಷ್ಯ, ನಗುವ ಮೇಲ್ವಿಚಾರಕ. ಹತ್ತೂ ಮುಗಿದವು. ಅದೇ ಭರದಲ್ಲಿ ಪ್ರಬಂಧ, ರಜೆ ಚೀಟಿ, ಎಲ್ಲ ಓಡಿದವು.

ಅರ್ಧ ಗಂಟೆ ಆಯಿತು. ಓಡಿ ಹೋಗಿ ಬಂದೆ. ಹಗುರಾಗಿ ಕೂತು ಪೆನ್ನು ಹಿಡಿದರೆ ಒಂದಕ್ಷರ ಇಂಗ್ಲಿಷ್ ಹೊಳೆಯಲಿಲ್ಲ.

ಪಾಸಾದೆ, ನಿಜ. ಆದರೆ ಆ ಮೊದಲ ಅರ್ಧ ಗಂಟೆಯಲ್ಲಿ ಬರೆದದ್ದರಿಂದ ಮಾತ್ರ.