ಹೋಮ್ ಸ್ಕ್ರೀನಿನಲ್ಲಿ ಹೂಮಳೆ

ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಾಗಲಿಲ್ಲ ಎನ್ನುತ್ತಾರೆ. ನನ್ನ ಜಾಯಮಾನ ಇದಕ್ಕೂ ಒಂದು ಕೈ ಮೇಲು, ನನಗೆ ಬೇಯುವ ತನಕವೂ ಕಾಯಲಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಹಬೆಯಲ್ಲಿದ್ದ ಕಡುಬನ್ನು ಅರ್ಧಕ್ಕೇ ತೆಗೆದು ತಿಂದು, ಒಳಗೆಲ್ಲ ಹಿಟ್ಟು ಹಿಟ್ಟಾಗಿದೆ ಎಂದು ಹೆಂಡತಿ ವಿಮಲಳಿಗೇ ದೂರು ಹೇಳಿ ಬೈಸಿಕೊಂಡವನು ನಾನು. ಈಗ ಕಡುಬಿನ ತಂಟೆಗೆ ಹೋಗುವುದಿಲ್ಲ. ಅದರ ಬದಲು ಇನ್ನೂ ಬೇಯದ ವಿಜೆಟ್‌ಗಳನ್ನು ಫೋನಿಗೆ ಹಾಕಿಕೊಳ್ಳುತ್ತೇನೆ.

ವಿಜೆಟ್ ಎಂದರೆ ಫೋನ್ ತೆರೆದ ಕೂಡಲೇ ಹೋಮ್ ಸ್ಕ್ರೀನಿನಲ್ಲಿ ಕಾಣುವ ಪುಟ್ಟ ಕಿಟಕಿ. ಗಡಿಯಾರವೋ ಪಂಚಾಂಗವೋ ಹವಾಮಾನವೋ ಅದರೊಳಗೆ ಕೂತಿರುತ್ತದೆ. ಅದನ್ನು ಮಾಡುವವರು ಪೂರ್ತಿ ಮಾಡುವ ಮೊದಲೇ ಬೀಟಾ ಎಂಬ ಹೆಸರಿನಲ್ಲಿ ಊರಿಗೆಲ್ಲ ಬಿಡುತ್ತಾರೆ. ಇದಿನ್ನೂ ಸರಿಯಾಗಿಲ್ಲ, ಬೇಕಿದ್ದರೆ ಹಾಕಿಕೊಳ್ಳಿ, ಕೆಟ್ಟರೆ ನಮಗೆ ತಿಳಿಸಿ ಎಂಬುದು ಅವರ ಷರತ್ತು. ಮೂಡಿಗೆರೆಯ ಅಂಗಡಿಯವನು ಇದೇ ಮಾತು ಹೇಳಿ ಮಿಕ್ಸಿ ಕೊಟ್ಟರೆ ಜಗಳ ಆಡಿ ಬರುತ್ತೀರಲ್ಲ ಎಂದು ವಿಮಲ ಕೇಳಿದ್ದುಂಟು. ಅವಳಿಗೆ ಹೇಗೆ ಹೇಳಲಿ? ಜಾವಳಿ ಎಂಬ ಹಳ್ಳಿಯಲ್ಲಿ ಕೂತ ನನ್ನನ್ನು ಎಲ್ಲಿಯದೋ ಜಾಣರು ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳುತ್ತಾರೆ. ಮನೆಯಲ್ಲಿ ಹಾಗೆ ಯಾರೂ ಕೇಳಿದ್ದಿಲ್ಲ. ಒಮ್ಮೆ ಒಂದು ಗಡಿಯಾರದ ವಿಜೆಟ್ ಬೆಳೆದು ಬೆಳೆದು ಫೋನ್ ಎತ್ತುವ ಗುಂಡಿಯನ್ನೇ ಮುಚ್ಚಿಬಿಟ್ಟಿತು. ಎರಡು ದಿನ ಭಾವಮೈದನ ಕರೆ ಎತ್ತಲಾಗಲಿಲ್ಲ. ಆ ವಿಜೆಟ್‌ಗೆ ನಾನು ಒಳ್ಳೆಯ ಮಾತನ್ನೇ ಬರೆದೆ.

ಹೀಗೆ ಸುಖವಾಗಿದ್ದಾಗ ಮಳೆಯ ವಿಜೆಟ್ ಬಂತು. ನಮ್ಮ ಕಡೆ ಮಳೆ ಎಂದರೆ ಸುಮ್ಮನೆ ಬಂತು ಹೋಯಿತು ಎನ್ನುವ ವಿಷಯವಲ್ಲ. ಪ್ರತಿ ಮನೆಯ ಕಣದಲ್ಲೂ ಮಳೆ ಅಳೆಯುವ ಒಂದು ರೇನ್‌ಗೇಜ್ ಇರುತ್ತದೆ. ಒಂದು ಇಂಚಿಗೆ ನೂರು ಸೆಂಟ್ ಎಂದು ಅಳೆದು, ಹಲ್ಲುಜ್ಜುವ ಮೊದಲೇ ಒಬ್ಬರಿಗೊಬ್ಬರು ಫೋನ್ ಮಾಡಿ ‘ನಿಮ್ಮಲ್ಲಿ ಎಷ್ಟಾಯ್ತು?’ ಎಂದು ಕೇಳುತ್ತೇವೆ. ಕ್ಷೇಮ ಸಮಾಚಾರ ಅದಾದ ಮೇಲೆ. ಈ ವಿಜೆಟ್‌ನಲ್ಲಿ ಒಂದು ಗಾಜಿನ ಲೋಟ, ಬರಲಿರುವ ಮಳೆಯಷ್ಟು ಅದರಲ್ಲಿ ನೀಲಿ ನೀರು. ಹಾಕಿಕೊಂಡ ದಿನವೇ ನೀರು ಏರಿ 1.10ಕ್ಕೆ ನಿಂತಿತು. ನಮ್ಮ ಬಾಯಲ್ಲಿ ಹೇಳುವುದಾದರೆ ಒಂದು ಇಂಚು ಹತ್ತು ಸೆಂಟ್, ನಾಳೆ ಸಂಜೆಗೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಯಾಕೆಂದರೆ ಆಗ ತೋಟದಲ್ಲಿ ರೊಬಸ್ಟಾ ಕಾಫಿಯ ಮೊಗ್ಗು ಬಲಿತು ನಿಂತಿತ್ತು. ಹೂಮಳೆ ಬಂದರೆ ಹೂವು, ಬಾರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾರಿಸಬೇಕು, ತಡಮಾಡಿದರೆ ಮೊಗ್ಗು ಕರಟಿ ಆ ವರ್ಷದ ಫಸಲಿಗೆ ಕೈಮುಗಿಯಬೇಕು. ಕೆರೆಯಲ್ಲಿ ಇದ್ದದ್ದು ಒಂದು ಸುತ್ತಿನ ನೀರು. ಬೆಳಿಗ್ಗೆಯೇ ಪಂಪ್ ಶುರುಮಾಡೋಣ ಎಂದಳು ವಿಮಲ. ತುಂಬಿದ ಲೋಟ ತೋರಿಸಿ ತಡೆದೆ. ಸಾಲದ್ದಕ್ಕೆ ರಫೀಕನನ್ನೂ ತಡೆದೆ. ರಫೀಕ್ ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರ ಜೀಪ್ ರಿಪೇರಿ ಮಾಡುವವನು, ಬಾಳೂರಿನಲ್ಲಿ ಚೂರು ತೋಟವಿದೆ. ನಮ್ಮ ಕೆಲಸ ಮುಗಿದ ಮೇಲೆ ಅದೇ ಪಂಪು ಅವನ ತೋಟಕ್ಕೆ ಹೋಗುವುದು ಪ್ರತಿ ವರ್ಷದ ವಾಡಿಕೆ. ಈ ಸಲ ಪಂಪಿನ ಬದಲು ಅವನ ಫೋನಿಗೆ ವಿಜೆಟ್ ಹಾಕಿಕೊಟ್ಟು ಬಂದೆ.

ಮರುದಿನ ಸಂಜೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಲೋಟ ಮಾತ್ರ ತುಂಬಿಯೇ ಇತ್ತು, ‘ನಾಳೆ ಸಂಜೆಗೆ’ ಎನ್ನುತ್ತಿತ್ತು. ಅದರ ಮರುದಿನವೂ ಅದೇ ನಾಳೆ. ಮೊಗ್ಗು ನೋಡಲು ಹೋಗುವ ಧೈರ್ಯ ನನಗೆ ಸಾಲಲಿಲ್ಲ. ಅಷ್ಟರಲ್ಲಿ ರಫೀಕನ ಫೋನ್ ಬಂತು.

“ಗೌಡ್ರೇ, ನಿಮ್ಮ ಲೋಟದಲ್ಲಿ ಎಷ್ಟುಂಟು?”

ಒಂದು ಇಂಚು ಹತ್ತು ಸೆಂಟ್ ಎಂದೆ.

“ನಂದ್ರಲ್ಲೂ ಅಷ್ಟೇ. ಅಲ್ಲ ಮಾರಾಯ್ರೆ, ಜಾವಳಿಗೂ ಬಾಳೂರಿಗೂ ಸೆಂಟ್ ಲೆಕ್ಕದಲ್ಲಿ ಒಂದೇ ಮಳೆ ಯಾವ ಕಾಲದಲ್ಲಿ ಬಿದ್ದಿತ್ತು?”

ನಮ್ಮ ತೋಟದ ಗುಡ್ಡದಲ್ಲೇ ಆಚೆ ಬದಿಗೆ ಬಿದ್ದ ಮಳೆ ಈಚೆ ಬದಿಗೆ ಬೀಳುವುದಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಸತ್ಯ ಲೋಟ ನೋಡಿದ ಕೂಡಲೇ ಮರೆತುಹೋಗಿತ್ತು. ವಿಜೆಟ್‌ನವರಿಗೆ ಬರೆದೆ. ಉತ್ತರ ಬಹಳ ವಿನಯದಿಂದ ಬಂತು: ಈ ಆವೃತ್ತಿಯಲ್ಲಿ ಲೋಟ ಹೇಗೆ ಕಾಣುತ್ತದೆ ಎಂದಷ್ಟೇ ಪರೀಕ್ಷೆ, ಅಂಕಿ ಸುಮ್ಮನೆ ನಮೂನೆಗೆ ಇಟ್ಟದ್ದು, ನೀರಿನ ಬಣ್ಣ ತಮಗೆ ಹಿತವಾಗಿದೆಯೇ?

ತಲೆ ತಗ್ಗಿಸಿಕೊಂಡು ವಿಮಲಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಂದಿನ ದಿನವೇ ಆಳುಗಳಿಂದ ಪೈಪ್ ಎಳೆಸಿಟ್ಟಿದ್ದಳು.

“ಲೋಟ ನೋಡಿದ್ದಾಯ್ತಲ್ಲ, ಇನ್ನು ಪಂಪ್ ನೋಡಿ” ಎಂದಳು.

ಪಂಪು ಕೆಮ್ಮಿ ನಿಂತಿತು. ರಫೀಕ್ ಸ್ಪ್ಯಾನರ್ ಹಿಡಿದು ಬಂದು ಅದನ್ನು ಎಬ್ಬಿಸಿದ. ನಮ್ಮಲ್ಲಿ ನೀರು ಹಾರಿಸಿ ಮುಗಿದ ಗಳಿಗೆಯಲ್ಲೇ ಪಂಪನ್ನು ಅವನ ಜೀಪಿಗೆ ಕಟ್ಟಿ ಬಾಳೂರಿಗೆ ಕಳಿಸಿದೆವು. ವಾರ ಕಳೆಯುವುದರೊಳಗೆ ಎರಡೂ ಕಡೆ ಹೂವರಳಿ ತೋಟ ಬೆಳ್ಳಗಾಯಿತು. ಆ ಪರಿಮಳದಲ್ಲಿ ವಿಮಲ ನನ್ನನ್ನು ಪೂರ್ತಿ ಕ್ಷಮಿಸಿದಳು. ಆ ಬೆಳಿಗ್ಗೆ ಕಾಫಿಗೆ ಅವಳೇ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದ್ದಳು. ಇನ್ನು ಜನ್ಮದಲ್ಲಿ ಬೀಟಾ ಮುಟ್ಟುವುದಿಲ್ಲ ಎಂದು ಹೇಳಿ, ಕಾಫಿ ಮುಗಿಸಿ, ಹೊಸ ಆವೃತ್ತಿ ಹಾಕಿಕೊಂಡೆ. ಅದರಲ್ಲಿ ಅಂಕಿ ನಿಜದ್ದಂತೆ.

ಹೂವು ಕಾಯಾಗಿ ಹಿಡಿಯಬೇಕಾದರೆ ಇನ್ನೊಂದು ಮಳೆ ಬೇಕಲ್ಲ, ಮೊನ್ನೆ ಸಂಜೆ ಅದೂ ಬಂತು. ಗುಡುಗು, ಗಾಳಿ, ಹೆಂಚಿನ ಮೇಲೆ ಧೋ ಎಂಬ ಸದ್ದು. ಸಂತೋಷ ತಡೆಯಲಾರದೆ ಕಣಕ್ಕೆ ಇಳಿದು ರೇನ್‌ಗೇಜ್ ಪಕ್ಕದಲ್ಲಿ ನೆನೆಯುತ್ತ ನಿಂತೆ. ರಫೀಕ್ ಫೋನ್ ಮಾಡಿದ. ಇಲ್ಲಿ ಒಳ್ಳೆ ಮಳೆ ಗೌಡ್ರೇ, ನಿಮ್ಮಲ್ಲಿ ಹೇಗೆ ಎಂದು ಕೇಳಿದ. ನಾನು ಫೋನನ್ನು ಕಿವಿಯಿಂದ ಇಳಿಸಿ, ಮೂಗಿನಿಂದ ತೊಟ್ಟಿಕ್ಕುವ ನೀರನ್ನು ಸರಿಸಿ, ಲೋಟ ನೋಡಿದೆ. ಖಾಲಿ ಇತ್ತು.

“ಇಲ್ಲ ಮಾರಾಯ, ನಮ್ಮಲ್ಲಿ ಇನ್ನೂ ಶುರುವಾಗಿಲ್ಲ” ಎಂದೆ.

ಜಗಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ವಿಮಲ ಒಳಗೆ ಹೋಗಿ ಟವೆಲ್ ತಂದು ಕೊಟ್ಟಳು. ನಾನು ಮೊದಲು ಫೋನ್ ಒರೆಸಿದೆ.