ಅಕ್ಕನ ಚೀಟಿಯಲ್ಲಿ ದೃಷ್ಟಿ

ನಮ್ಮಕ್ಕ ಮಕ್ಕಳ ಡಾಕ್ಟರೋ ಮಂತ್ರವಾದಿಯೋ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಸಕಲೇಶಪುರದ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಕೂಸುಗಳ ಎದೆಬಡಿತ ಕೇಳುತ್ತಿರುವವಳು ಅವಳು. ನಾನೋ, ಆಲೂರಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮೂಢನಂಬಿಕೆ ಎಂದರೆ ಮೈಯೆಲ್ಲ ಉರಿಯುವ ಆಸಾಮಿ. ಅಂಥ ನನಗೆ ಒಡಹುಟ್ಟಿದವಳೇ ಹೀಗೆ ಕೈಕೊಡಬಹುದೇ?

ಮೊದಲು ಅವಳ ಬಾಯಿಯ ವಿಷಯ ಹೇಳಿಬಿಡುತ್ತೇನೆ. ಅದಕ್ಕೆ ಮುಚ್ಚುಮರೆ ಎಂಬುದೇ ಇಲ್ಲ. ಮಗ್ಗೆ ಊರಿನ ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದಳು. ಮದುಮಗ ಅವಳ ಹಳೆಯ ಪೇಷಂಟು. ಭಕ್ತಿಯಿಂದ ಬಗ್ಗಿ ಕಾಲು ಮುಟ್ಟಿದ. ಇವಳು ಮೈಕಿನ ಪಕ್ಕದಲ್ಲೇ ನಿಂತು ಅವನ ತಲೆ ಸವರಿ, "ಹಾಸಿಗೇಲಿ ಉಚ್ಚೆ ಹೊಯ್ಯೋದು ಪೂರ್ತಿ ನಿಂತೈತೇನಪ್ಪ?" ಎಂದು ಕೇಳಿದಳು. ಮಾತು ಛತ್ರಕ್ಕೆಲ್ಲ ಕೇಳಿಸಿತು! ನಾನು ಕಂಬದ ಹಿಂದೆ ಸರಿದೆ. ಊಟದ ಪಂಕ್ತಿಯಲ್ಲಿ ತರಾಟೆಗೆ ತೆಗೆದುಕೊಂಡರೆ, "ಹನ್ನೊಂದು ವರ್ಷದ ತನಕ ಇತ್ತು ಕಣೋ. ಕೇಳೋದು ನನ್ನ ಡ್ಯೂಟಿ," ಎಂದು ಎರಡನೇ ಹೋಳಿಗೆಗೆ ಕೈ ಹಾಕಿದಳು.

ಇಂಥವಳ ಮೇಜಿನ ಮೇಲೆ ಒಂದು ದಿನ, ಸ್ಟೆತಸ್ಕೋಪಿನ ಪಕ್ಕದಲ್ಲೇ, ಒಣಮೆಣಸಿನಕಾಯಿ ಮತ್ತು ಕಲ್ಲುಪ್ಪು ಕಂಡೆ. ಊಟಕ್ಕಿರಬೇಕು ಎಂದುಕೊಂಡೆ. ಆಮೇಲೆ ಅವಳು ಬರೆದಿಟ್ಟಿದ್ದ ಔಷಧಿ ಚೀಟಿ ಓದಿದೆ. "ಭೇದಿಗೆ: ಪೊಟ್ಟಣದ ಪುಡಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ದೃಷ್ಟಿ ತೆಗೆಯುವುದು, ಬೆಳಿಗ್ಗೆ ಒಂದು, ಸಂಜೆ ಒಂದು. ಆ ನೀರಿನ ಚೊಂಬು ಖಾಲಿಯಾಗದೆ ದೃಷ್ಟಿ ಬಿಡುವುದಿಲ್ಲ." ಕೆಳಗೆ ಸಹಿ, ಮೇಲೆ ಸೀಲು ಬೇರೆ! ಚೀಟಿಯನ್ನು ಅವಳ ಮೂಗಿನ ಮುಂದೆ ಹಿಡಿದೆ.

"ಏನಕ್ಕ ಇದು?"

"ಓದಕ್ಕೆ ಬರಲ್ವೇನೋ? ದೃಷ್ಟಿ. ಭಾನುವಾರ ಹೆತ್ತೂರಿಗೆ ಬಾ, ತೋರಿಸ್ತೀನಿ."

ರಜಾ ದಿನ ಕಾರಿನ ತುಂಬ ಔಷಧಿ ಹೇರಿಕೊಂಡು ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳನ್ನು ಸುತ್ತುವುದು ಅವಳ ಚಟ. ಆ ಭಾನುವಾರ ಒಂದು ಲೈನ್‌ಮನೆಯಲ್ಲಿ ಒಬ್ಬ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿತ್ತು. ಹಿಂದಿನ ದಿನದಿಂದ ಭೇದಿ. ಕೂಸಿನ ಕಣ್ಣು ಗುಳಿಬಿದ್ದು, ತುಟಿ ಒಣಗಿತ್ತು. ಸೊಸೆ ಪಕ್ಕದಲ್ಲೇ ಅಳುತ್ತಿದ್ದಳು, ಆದರೆ ಅತ್ತೆಯ ಮಾತು ಮೀರುವಂತಿಲ್ಲ.

"ಭೇದಿ ಆಗೋ ಕೂಸಿಗೆ ನೀರು ಕೊಟ್ಟಾರೇನವ್ವ? ಇನ್ನೂ ಜಾಸ್ತಿ ಆಗ್ಬುಡ್ತೈತೆ," ಎಂದಿತು ಅಜ್ಜಿ.

ಅಕ್ಕ ಬೈದಳು, ಬೇಡಿಕೊಂಡಳು, ಬೇಕಿದ್ದರೆ ಮೇಷ್ಟ್ರಾದ ನನ್ನ ತಮ್ಮನನ್ನೇ ಕೇಳು ಎಂದು ನನ್ನನ್ನು ತೋರಿಸಿದಳು. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಇವಳು ಚೀಲದಿಂದ ಮೆಣಸಿನಕಾಯಿ, ಉಪ್ಪು ತೆಗೆದು ಕೂಸಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಎಂ.ಡಿ. ಓದಿದವಳು! ಆಮೇಲೆ ಪುಡಿ ಕಲಸಿದ ನೀರಿನ ಚೊಂಬು ಮುಂದಿಟ್ಟು, "ಈಗ ಈ ಚೊಂಬು ಖಾಲಿ ಮಾಡಿಸಜ್ಜಿ. ಮಧ್ಯಾಹ್ನದೊಳಗೆ ಕೂಸು ಉಚ್ಚೆ ಹೊಯ್ಯದಿದ್ರೆ ಆಸ್ಪತ್ರೆಗೆ ಎತ್ಕೊಂಡು ಹೋಗೋದೇ," ಎಂದಳು. ಅಜ್ಜಿ ತಾನೇ ಚಮಚ ಹಿಡಿಯಿತು. ಒಂದೊಂದು ಗುಟುಕಿಗೂ ಕೂಸಿನ ಗಂಟಲನ್ನೇ ನೋಡುತ್ತ ಕುಡಿಸಿತು. ಎರಡು ಗಂಟೆ ಕಳೆದ ಮೇಲೆ, ಅಕ್ಕ ಎತ್ತಿಕೊಂಡಿದ್ದ ಕೂಸು ಅವಳ ಸೀರೆಯನ್ನು ಚೆನ್ನಾಗಿ ತೋಯಿಸಿತು. ಅವಳು ಒದ್ದೆ ಸೆರಗನ್ನು ಪ್ರಶಸ್ತಿಪತ್ರದಂತೆ ಎತ್ತಿ ಎಲ್ಲರಿಗೂ ತೋರಿಸಿದಳು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಮೇಷ್ಟ್ರ ನಾಲಿಗೆ ಸುಮ್ಮನಿರುತ್ತದೆಯೇ? "ಅಜ್ಜಿ, ಕೂಸನ್ನ ಉಳಿಸಿದ್ದು ನೀರು. ದೃಷ್ಟಿ ಅಲ್ಲ," ಎಂದೆ.

ಅಜ್ಜಿ ಮೊಮ್ಮಗುವಿನ ಬಾಯಿ ಒರೆಸುತ್ತಲೇ ಹೇಳಿತು. "ಗೊತ್ತು ಮೇಷ್ಟ್ರೆ, ನಾನೇನು ಹುಚ್ಚಿ ಅಲ್ಲ. ನನ್ನ ಮೊದಲ್ನೇ ಮಗೀಗೂ ಹಿಂಗೇ ಆಗಿತ್ತು. ನೀರು ನೀರು ಅಂತಿತ್ತು. ಅದರ ಕೈಗೆ ಸಿಗಬಾರ್ದು ಅಂತ ಚೊಂಬು ಅಟ್ಟದ ಮೇಲೆ ಇಟ್ಟೋಳು ನಾನೇ. ನೀರು ಕೊಟ್ಟಿದ್ರೆ ಬದುಕ್ತಿತ್ತು ಅಂದ್ರೆ, ಅದನ್ನ ಕೊಂದೋಳು ಯಾರಾದ್ಲು?"

ಅಕ್ಕ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅದರ ಕೈ ಹಿಡಿದುಕೊಂಡಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಆವಾಗ ಈ ಪುಡಿ ಎಲ್ಲಿತ್ತಜ್ಜಿ? ಬರೀ ನೀರು ಕೊಟ್ಟಿದ್ರೂ ನಿನ್ನ ಮಗು ಉಳೀತಿರ್ಲಿಲ್ಲ."

ಅಪ್ಪಟ ಸುಳ್ಳು. ಬರೀ ನೀರಾದರೂ ಕೊಟ್ಟಿದ್ದರೆ ಉಳಿಯುವ ಆಸೆ ಇತ್ತೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಅಜ್ಜಿ ತಲೆಯೆತ್ತಿ ನನ್ನನ್ನೇ ನೋಡಿತು. "ಹೌದಾ ಮೇಷ್ಟ್ರೆ? ನೀವು ಓದ್ದೋರು, ಹೇಳಿ."

"ಹೌದಜ್ಜಿ," ಎಂದೆ.